ಚಂದ್ರಿಕೆ ಹಿಡಿದು ಗಾಳಿಗೆದುರಾಗಿ

ಶಿಡ್ಲಘಟ್ಟದ ನಮ್ಮ ತವರುಮನೆಯಲ್ಲಿ ರೇಷ್ಮೆ ಹುಳು ಹಣ್ಣಾಯಿತೆಂದರೆ ಮನೆಮಂದಿಗೆಲ್ಲ ನಿದ್ದೆಯಿಲ್ಲ. ಹುಳುಗಳನ್ನು ಆರಿಸಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿಟ್ಟ ಚಂದ್ರಿಕೆಗಳನ್ನು ಗಾಳಿಯಾಡುವ ಕಡೆ ಒಯ್ದು ಒರಗಿಸಬೇಕು. ಆರಡಿ ಉದ್ದ, ನಾಲ್ಕಡಿ ಅಗಲದ ಆ ಬಿದಿರಿನ ಹೆಣಿಗೆ ತೂಕದಲ್ಲಿ ಏನೂ ಇಲ್ಲ, ಹತ್ತು ವರ್ಷದ ಹುಡುಗಿಯೂ ಎತ್ತಬಹುದು. ನಾನು ಎತ್ತಿದೆ. ಖಾಲಿ ಚಂದ್ರಿಕೆಯೊಂದನ್ನು ಹಿಡಿದು ಅಂಗಳ ದಾಟುತ್ತಿದ್ದಾಗ ಮೃಗಶಿರದ ಗಾಳಿ ಎದ್ದು ನನ್ನನ್ನು ಚಂದ್ರಿಕೆಯ ಸಮೇತ ಕೊಟ್ಟಿಗೆಯ ಗೋಡೆಗೆ ಒತ್ತಿಬಿಟ್ಟಿತು. ಅಳುವುದೋ ನಗುವುದೋ ತಿಳಿಯದೆ ನಿಂತಿದ್ದಾಗ ಅಕ್ಕ ಬಂದು ಗದರಿದಳು: "ಅಷ್ಟಗಲ ಮುಂದಕ್ಕೆ ಹಿಡ್ಕೊಂಡ್ರೆ ಗಾಳಿ ಬಿಡ್ತದೇನೆ? ಅಂಚು ಮುಂದಕ್ಕೆ ಮಾಡ್ಕೋ." ಅಂಚನ್ನು ಗಾಳಿಗೆ ಕೊಟ್ಟು ನಡೆದೆ. ಅದೇ ಚಂದ್ರಿಕೆ, ಅದೇ ಗಾಳಿ. ಏನೂ ಇಲ್ಲದವಳಂತೆ ಅಂಗಳ ದಾಟಿದೆ.

ಮುಂದೆ ನಾನು ವಿಜ್ಞಾನದ ಟೀಚರಾಗಿ ಮೂವತ್ತು ವರ್ಷಕ್ಕೂ ಮಿಕ್ಕಿ ಹೈಸ್ಕೂಲಿನ ಮಕ್ಕಳಿಗೆ ಬಲ, ಘರ್ಷಣೆ, ಶಕ್ತಿ ಎಂದು ಪಾಠ ಹೇಳಿದೆ. ಅಕ್ಕ ಏಳನೆಯ ಕ್ಲಾಸಿಗೆ ಬಿಟ್ಟು ಗೌರಿಬಿದನೂರಿಗೆ ಸೊಸೆಯಾಗಿ ಹೋದಳು. ಆದರೂ ಗಾಳಿಯ ವಿಷಯದಲ್ಲಿ ನನಗೆ ಮೊದಲ ಪಾಠ ಹೇಳಿದವಳು ಅವಳೇ. ಆ ಪಾಠವನ್ನು ನಾನು ಮರೆತದ್ದು, ಮರೆತು ಪಟ್ಟ ಪಾಡು, ಮತ್ತು ಅದರ ನೆವದಲ್ಲಿ ವಿದ್ಯುತ್ ಕಾರೆಂಬ ವಸ್ತುವಿನ ಹಳೆಯ ಕಥೆಯನ್ನು ಕೆದಕಿದ್ದು, ಇವಿಷ್ಟನ್ನು ಇಲ್ಲಿ ಹೇಳಬೇಕಾಗಿದೆ.

ನನ್ನ ಯಜಮಾನರು ತೀರಿಕೊಂಡ ಮೇಲೆ, ನಿವೃತ್ತಿಯ ಹಣದಲ್ಲಿ ಒಂದಿಷ್ಟನ್ನು ತೆಗೆದು ನಾನೊಂದು ಸಣ್ಣ ಕರೆಂಟಿನ ಕಾರು ಕೊಂಡೆ. ಯಾವ ಕಂಪನಿಯದೆಂಬುದು ಈ ಕಥೆಗೆ ಬೇಡ. ಬ್ಯಾಟರಿಯಲ್ಲಿ 24 ಯೂನಿಟ್ ಹಿಡಿಸುತ್ತದೆ. ನಮ್ಮ ರಸ್ತೆಗಳಲ್ಲಿ ಹದವಾಗಿ ಓಡಿಸಿದರೆ ಒಂದು ಯೂನಿಟ್ಟಿಗೆ ಎಂಟೊಂಬತ್ತು ಕಿಲೋಮೀಟರು. ಮಗನಿಗೆ ಇದು ಸರಿಬರಲಿಲ್ಲ. "ಈ ವಯಸ್ಸಿಗೆ ಕಾರು ಕಲಿತದ್ದೇ ಹೆಚ್ಚು, ಅದರಲ್ಲೂ ಇದು ನಡುದಾರಿಯಲ್ಲಿ ನಿಂತರೆ ಯಾರಮ್ಮ ಬರುತ್ತಾರೆ?" ಎನ್ನುತ್ತಿದ್ದ. ಒಂದು ಸಲ ನಿಂತರೆ ಮಾರಿಬಿಡುವುದೆಂದು ನನ್ನಿಂದ ಮಾತೂ ತೆಗೆದುಕೊಂಡಿದ್ದ. ಮಾತು ಕೊಟ್ಟವಳು ನಾನು. ಆಗ ನಿಲ್ಲುವುದೇ ಇಲ್ಲವೆಂಬ ಧೈರ್ಯ.

ಈ ಧೈರ್ಯಕ್ಕೆ ಇಪ್ಪತ್ತು ವರ್ಷದ ಹಿಂದಿನ ಒಂದು ಹಿನ್ನೆಲೆಯಿದೆ. 2001ರಲ್ಲಿ ಬೆಂಗಳೂರಿನಲ್ಲಿ 'ರೇವಾ' ಎಂಬ ಪುಟ್ಟ ಕಾರು ರಸ್ತೆಗಿಳಿಯಿತು. ಮರುವರ್ಷವೋ ಏನೋ, ನಾವಿಬ್ಬರೂ ಬೆಂಗಳೂರಿಗೆ ಹೋಗಿದ್ದಾಗ ಅದನ್ನು ರಸ್ತೆಬದಿಯಲ್ಲಿ ನಿಂತು ನೋಡಿದೆವು. ಎರಡೇ ಬಾಗಿಲು, ಮುಂದೆ ಇಬ್ಬರು ದೊಡ್ಡವರು, ಹಿಂದೆ ಮುದುರಿ ಕೂತರೆ ಎರಡು ಮಕ್ಕಳು. ನಮ್ಮವರು ಅದನ್ನು ಒಂದು ಸುತ್ತು ಹಾಕಿ, "ಕೀಲಿ ಕೊಡೋದು ಎಲ್ಲಿ?" ಎಂದು ಕೇಳಿದರು. ನಾನೂ ನಕ್ಕೆ. ನಗುತ್ತಲೇ ಅದರ ವಿವರದ ಚೀಟಿಯನ್ನು ಎಲ್ಲಿಂದಲೋ ಸಂಪಾದಿಸಿಕೊಂಡು ಬಂದು ಒಂಬತ್ತನೆಯ ತರಗತಿಯ ಕರಿಹಲಗೆಯ ಮೇಲೆ ಲೆಕ್ಕವಾಗಿ ಬರೆದೆ. ಲೆಕ್ಕ ಬಿಡಿಸುತ್ತ ಹೋದಂತೆ ನಗು ನಿಂತಿತು.

ರೇವಾ 2 ಮೀಟರು 64 ಸೆಂಟಿಮೀಟರು ಉದ್ದ. ಬ್ಯಾಟರಿಯೂ ಸೇರಿ ತೂಕ ಸುಮಾರು 665 ಕಿಲೋ. ಇದರಲ್ಲಿ ಎಂಟು ಸೀಸದ ಬ್ಯಾಟರಿಗಳದೇ ಸುಮಾರು 270 ಕಿಲೋ. ಅಂದರೆ ಕಾರು ಹೊರುವ ಭಾರದಲ್ಲಿ ಐದರಲ್ಲೆರಡು ಪಾಲು ಅದರ ಊಟದ ಬುತ್ತಿಯೇ. ಆ ಬುತ್ತಿಯಲ್ಲಿದ್ದ ಶಕ್ತಿ ಎಷ್ಟು ಗೊತ್ತೆ? 9.6 ಯೂನಿಟ್. ಒಂದು ಲೀಟರು ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ಟಿನಷ್ಟು ಶಾಖ ಅಡಗಿರುತ್ತದೆ. 270 ಕಿಲೋ ಸೀಸವನ್ನು ಹೊತ್ತು ಆ ಕಾರು ಹೊರಟದ್ದು ಒಂದು ಸೀಸೆ ಪೆಟ್ರೋಲಿನ ಬಲವನ್ನು ನಂಬಿಕೊಂಡು! ಅಷ್ಟರಲ್ಲೇ 80 ಕಿಲೋಮೀಟರು ಹೋಗುತ್ತೇನೆಂದು ಅದು ಹೇಳುತ್ತಿತ್ತು. ಪೆಟ್ರೋಲಿನ ಎಂಜಿನ್ನು ತನಗೆ ಕೊಟ್ಟದ್ದರಲ್ಲಿ ಮುಕ್ಕಾಲು ಪಾಲನ್ನು ಬಿಸಿಯಾಗಿ ಗಾಳಿಗೆ ಬಿಟ್ಟುಬಿಡುತ್ತದೆ. ವಿದ್ಯುತ್ ಮೋಟಾರು ಬಹುಪಾಲನ್ನು ಗಾಲಿಗೆ ಮುಟ್ಟಿಸುತ್ತದೆ. ಬಡವರ ಮನೆಯ ಹೆಂಗಸು ಸಂಬಳದ ದುಡ್ಡನ್ನು ಬಳಸಿದ ಹಾಗೆ, ಪೋಲಾಗಲು ಬಿಡುವಂತಿಲ್ಲ.

ಈ ಕಾರಿನ ಹಿಂದೆ ಇದ್ದವರು ಚೇತನ್ ಮೈನಿ. ಬೆಂಗಳೂರಿನ ಮೈನಿ ಸಮೂಹವೂ ಅಮೆರಿಕದ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಕಂಪನಿಯೂ ಕೂಡಿ 1994ರಲ್ಲಿ ರೇವಾ ಕಂಪನಿಯನ್ನು ಆರಂಭಿಸಿದರು. ಕಾರ್ಖಾನೆ ಇದ್ದದ್ದು ಬೊಮ್ಮಸಂದ್ರದಲ್ಲಿ. ಅದಕ್ಕೆ ಮೊದಲು ಚೇತನ್ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಲ್ಲಿನ ಹುಡುಗರ ತಂಡ ಸೂರ್ಯನ ಬಿಸಿಲಲ್ಲಿ ಓಡುವ 'ಸನ್‌ರನ್ನರ್' ಎಂಬ ವಾಹನ ಕಟ್ಟಿತ್ತು, ಆ ತಂಡದಲ್ಲಿ ಇವರೂ ಇದ್ದರು. 1990ರಲ್ಲಿ ಆಸ್ಟ್ರೇಲಿಯಾದ ಡಾರ್ವಿನ್‌ನಿಂದ ಅಡಿಲೇಡ್‌ವರೆಗಿನ ಸುಮಾರು 3000 ಕಿಲೋಮೀಟರು ಪಂದ್ಯದಲ್ಲಿ ಅದು ಮೂರನೆಯದಾಗಿ ಬಂತು. ಬಿಸಿಲಿನ ಕಾರಿಗೆ ಸಿಗುವ ಶಕ್ತಿ ಒಂದು ಇಸ್ತ್ರಿಪೆಟ್ಟಿಗೆಗೆ ಬೇಕಾಗುವಷ್ಟೇ. ಅಷ್ಟರಲ್ಲಿ ಹೆದ್ದಾರಿಯಲ್ಲಿ ಓಡಬೇಕಾದರೆ ಹಗುರಾಗಿರಬೇಕು, ಗಾಳಿಗೆ ಸಿಕ್ಕದಂತಿರಬೇಕು. ಆ ಶಾಲೆಯಲ್ಲಿ ಪಳಗಿದ ಕೈ ರೇವಾದಲ್ಲಿ ಕಾಣುತ್ತದೆ: ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ನಾವು ಬೆರಳಿಂದ ಬಡಿದು ನೋಡಿ ನಕ್ಕದ್ದು ಅದಕ್ಕೇ. ಅಂದಹಾಗೆ, ರೇವಾ ಎಂಬುದು ಚೇತನ್‌ರ ತಾಯಿಯ ಹೆಸರು. ತಾಯಿಯ ಹೆಸರನ್ನು ಕಾರಿಗಿಟ್ಟ ಮಗನ ಬಗ್ಗೆ ನನಗೆ ಅಂದಿನಿಂದಲೂ ಒಂದು ಮೆಚ್ಚುಗೆ.

ಅಷ್ಟು ಹಗುರ ಮಾಡಿದ್ದಕ್ಕೆ ಬೆಲೆಯೂ ಇತ್ತು. 2004ರಿಂದ ಲಂಡನ್ನಿನಲ್ಲಿ ಅದು 'ಜಿ-ವಿಜ್' ಎಂಬ ಹೆಸರಿನಲ್ಲಿ ಮಾರಾಟವಾಯಿತು. ನಗರದೊಳಗೆ ಬರುವ ವಾಹನಗಳ ಸುಂಕದಿಂದ ವಿನಾಯಿತಿ ಇದ್ದುದರಿಂದ ಸಾಕಷ್ಟು ಜನ ಕೊಂಡರು. ಆದರೆ ಅಲ್ಲಿನ ಕಾನೂನಿನ ಪ್ರಕಾರ ಅದು ಕಾರೇ ಆಗಿರಲಿಲ್ಲ, ನಾಲ್ಕು ಗಾಲಿಯ ಹಗುರ ವಾಹನವೆಂದು ನೋಂದಾಯಿಸುತ್ತಿದ್ದರು. ಕಾರುಗಳಿಗೆ ಮಾಡುವ ಡಿಕ್ಕಿ ಪರೀಕ್ಷೆ ಅದಕ್ಕೆ ಕಡ್ಡಾಯವಿರಲಿಲ್ಲ. 2007ರಲ್ಲಿ ಕೆಲವರು ಪರೀಕ್ಷಿಸಿ ನೋಡಿ ಅದರ ಸುರಕ್ಷತೆಯ ಬಗ್ಗೆ ಗಟ್ಟಿಯಾಗಿ ಆಕ್ಷೇಪಿಸಿದರು. ಆಕ್ಷೇಪದಲ್ಲಿ ಹುರುಳಿತ್ತೆಂದೇ ನನಗೆ ಕಾಣುತ್ತದೆ. 2009ರಲ್ಲಿ ಸೀಸದ ಜಾಗಕ್ಕೆ ಲಿಥಿಯಂ ಬ್ಯಾಟರಿ ಬಂತು. 80 ಕಿಲೋಮೀಟರು ಇದ್ದದ್ದು 120 ಆಯಿತು. 2010ರಲ್ಲಿ ಮಹೀಂದ್ರದವರು ಕಂಪನಿಯ ಬಹುಪಾಲನ್ನು ಕೊಂಡರು, 2013ರಲ್ಲಿ 'ಇ2ಒ' ಎಂಬ ಹೊಸ ಕಾರು ತಂದರು, ಕೆಲವು ವರ್ಷಗಳಲ್ಲಿ ಅದೂ ನಿಂತಿತು. ಇಂದು ಬೀದಿಯಲ್ಲಿ ಹಸಿರು ನಂಬರು ಹಲಗೆಯ ಕಾರುಗಳು ಧಾರಾಳವಾಗಿ ಕಾಣುತ್ತವೆ. ರೇವಾ ಮಾತ್ರ ಎಲ್ಲೋ ಒಂದು.

ಬುತ್ತಿಯ ಮಾತು ಬಂತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಕಡೆಯ ಹಿರಿಯರು ತಿರುಪತಿಗೆ ಕಾಲ್ನಡಿಗೆಯಲ್ಲಿ ಹೋಗುತ್ತಿದ್ದರು. ದಾರಿ ದೂರವಾದಷ್ಟೂ ಬುತ್ತಿ ದೊಡ್ಡದು. ಬುತ್ತಿ ದೊಡ್ಡದಾದಷ್ಟೂ ಭುಜಕ್ಕೆ ಭಾರ, ಭಾರ ಹೊತ್ತವನಿಗೆ ಹಸಿವು ಹೆಚ್ಚು, ಹಸಿವಿಗೆ ಇನ್ನಷ್ಟು ಬುತ್ತಿ. ವಿದ್ಯುತ್ ಕಾರಿನ ಪಾಡೂ ಇದೇ. ಹೆಚ್ಚು ದೂರ ಹೋಗಲೆಂದು ದೊಡ್ಡ ಬ್ಯಾಟರಿ ಇಟ್ಟರೆ ಕಾರು ಭಾರವಾಗುತ್ತದೆ. ಆ ಭಾರ ತಡೆಯಲು ಗಟ್ಟಿ ಚೌಕಟ್ಟು, ದಪ್ಪ ಟೈರು, ದೊಡ್ಡ ಬ್ರೇಕು. ಇವೆಲ್ಲದರ ತೂಕ ಎಳೆಯಲು ಮತ್ತೆ ಬ್ಯಾಟರಿ. 1996ರಲ್ಲಿ ಅಮೆರಿಕದ ಜನರಲ್ ಮೋಟಾರ್ಸ್‌ನವರು ತಂದ 'ಇವಿ-1' ಕಾರಿನಲ್ಲಿ ಬ್ಯಾಟರಿಯೊಂದೇ 500 ಕಿಲೋ ಮೀರಿತ್ತು. ಅದನ್ನು ಕಟ್ಟಿದವರು ತೂಕದಲ್ಲಿ ಸೋತದ್ದನ್ನು ಗಾಳಿಯಲ್ಲಿ ಗೆಲ್ಲಲು ನೋಡಿದರು: ಹಿಂದಿನ ಗಾಲಿಗಳನ್ನು ಮುಚ್ಚಿ, ಬಾಲವನ್ನು ಸಪುರ ಮಾಡಿ ನೀರಹನಿಯಂತೆ ರೂಪಿಸಿದರು. ಗಾಳಿಗೆ ಎಷ್ಟು ಅಡ್ಡ ಬರುತ್ತದೆಂದು ಅಳೆಯುವ ಒಂದು ಅಂಕಿಯಿದೆ, ಕಡಿಮೆಯಾದಷ್ಟೂ ಒಳ್ಳೆಯದು. ಇವಿ-1ರದು 0.19. ಆ ಕಾಲದ ಸಾಮಾನ್ಯ ಕಾರುಗಳದು 0.30ರಿಂದ ಮೇಲೆಯೇ.

ಹನಿಯ ಆಕಾರ ಯಾಕೆ ಒಳ್ಳೆಯದು? ನಮ್ಮ ಮಕ್ಕಳು ಕ್ಲಾಸಿನಲ್ಲಿ ಮುಂಭಾಗ ಚೂಪಾಗಿರಬೇಕು ಎಂದೇ ಹೇಳುತ್ತಿದ್ದರು. ಅಸಲು ವಿಷಯ ಹಿಂಭಾಗದಲ್ಲಿದೆ. ರಸ್ತೆಬದಿಯಲ್ಲಿ ನಿಂತಾಗ ಸರ್ಕಾರಿ ಬಸ್ಸು ಭರ್ರೆಂದು ಹಾದುಹೋದರೆ ಏನಾಗುತ್ತದೆ ನೆನೆಸಿಕೊಳ್ಳಿ. ಧೂಳು, ಎಲೆ, ಕಾಗದದ ಚೂರು ಎಲ್ಲ ಎದ್ದು ಬಸ್ಸನ್ನೇ ಅಟ್ಟಿಸಿಕೊಂಡು ಹೋಗುತ್ತವೆ. ನಮ್ಮ ಸೆರಗೂ ಅತ್ತಲೇ ಎಳೆಯುತ್ತದೆ. ಬಸ್ಸಿನ ಬೆನ್ನು ಗೋಡೆಯಂತೆ ಚಪ್ಪಟೆ. ಗಾಳಿ ಅಲ್ಲಿ ಕೂಡಿಕೊಳ್ಳಲಾರದೆ ಸುಳಿಸುಳಿಯಾಗಿ ಒಂದು ಹಳ್ಳ ಬೀಳುತ್ತದೆ, ಆ ಹಳ್ಳ ಬಸ್ಸನ್ನು ಹಿಂದಕ್ಕೆ ಜಗ್ಗುತ್ತದೆ. ಹಿಂಭಾಗ ಮೆಲ್ಲನೆ ಇಳಿದರೆ ಗಾಳಿ ಜಗಳವಿಲ್ಲದೆ ಕೂಡಿಕೊಳ್ಳುತ್ತದೆ, ಮೀನು ನೀರಿನಲ್ಲಿ ಹೋದಂತೆ. ಜರ್ಮನಿಯ ಎಡ್ಮಂಡ್ ರುಂಪ್ಲರ್ ಎಂಬಾತ 1921ರಲ್ಲೇ 'ಹನಿ ಕಾರು' ಎಂಬ ಹೆಸರಿನಲ್ಲಿ ಇಂಥದೊಂದನ್ನು ಬರ್ಲಿನ್ನಿನ ಪ್ರದರ್ಶನದಲ್ಲಿ ಇಟ್ಟ. ಜನ ನಕ್ಕರು, ಕೊಂಡವರು ಕಡಿಮೆ. ಐವತ್ತೆಂಟು ವರ್ಷಗಳ ಮೇಲೆ, 1979ರಲ್ಲಿ, ಉಳಿದಿದ್ದ ಒಂದನ್ನು ಗಾಳಿಸುರಂಗದಲ್ಲಿ ಇಟ್ಟು ಅಳೆದರೆ ಅಂಕಿ 0.28 ಬಂತು. ಅಂದಿನ ಹೊಸ ಕಾರುಗಳೂ ಅದರ ಹತ್ತಿರ ಸುಳಿಯುತ್ತಿರಲಿಲ್ಲ. ಹೊಸದನ್ನು ಕಂಡು ನಗುವವರ ಸಾಲಿನಲ್ಲಿ ನಾನೂ ನಮ್ಮವರೂ ಮೊದಲಿನವರಲ್ಲ ಎಂಬುದೊಂದು ಸಮಾಧಾನ.

ಇದಕ್ಕೂ ಹಿಂದಿನ ಕಥೆ ಇನ್ನೂ ಸ್ವಾರಸ್ಯ. ಗಂಟೆಗೆ ನೂರು ಕಿಲೋಮೀಟರು ವೇಗವನ್ನು ಮೊಟ್ಟಮೊದಲು ಮುಟ್ಟಿದ ಮೋಟಾರು ವಾಹನ ಪೆಟ್ರೋಲಿನದಲ್ಲ, ಕರೆಂಟಿನದು. ಬೆಲ್ಜಿಯಮ್ಮಿನ ಕಾಮಿಲ್ ಜೆನಾಟ್ಜಿ ಎಂಬ ಕೆಂಪುಗಡ್ಡದ ಆಸಾಮಿ 1899ರ ಏಪ್ರಿಲ್‌ನಲ್ಲಿ ಪ್ಯಾರಿಸ್ಸಿನ ಬಳಿ ಅದನ್ನು ಓಡಿಸಿ 105.88 ಕಿಲೋಮೀಟರು ಮುಟ್ಟಿದ. ಕಾರಿನ ಹೆಸರಿನ ಅರ್ಥ 'ಎಂದೂ ತೃಪ್ತಳಾಗದವಳು'. ಗಂಡಸರು ಹೆಸರಿಡುವ ಚಂದ ನೋಡಿ! ಅದರ ಮೈ ಲೋಹದ ಗುಂಡಿನಂತೆ ಎರಡೂ ತುದಿ ಚೂಪು, ಗಾಳಿಯನ್ನು ಸೀಳಲೆಂದೇ ಮಾಡಿದ್ದು. ಆದರೆ ಮಹಾಶಯ ಕೂತದ್ದು ಆ ಗುಂಡಿನ ಮೇಲೆ, ಎದೆಯವರೆಗೆ ಹೊರಗೆ, ಗಾಳಿಗೆ ಚಂದ್ರಿಕೆ ಹಿಡಿದ ಹಾಗೆ. ಕೆಳಗೆ ಗಾಲಿಗಳೂ ಬತ್ತಲೆ. ಮೈ ಚೂಪು ಮಾಡಿದ್ದರ ಲಾಭದಲ್ಲಿ ಎಷ್ಟೋ ಪಾಲನ್ನು ಇವೇ ತಿಂದಿರಬೇಕು. ಇದಾದ ಮೂರು ವರ್ಷಕ್ಕೆ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು 147 ಕಿಲೋಮೀಟರು ತಂತಿಯ ಮೇಲೆ ಬಂದು ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿತು. ನಮ್ಮ ಚಿಕ್ಕಬಳ್ಳಾಪುರವೂ 2007ರವರೆಗೆ ಕೋಲಾರ ಜಿಲ್ಲೆಯೇ ಆಗಿದ್ದುದರಿಂದ ಆ ಹೆಮ್ಮೆಯಲ್ಲಿ ನಮಗೂ ಒಂದು ಪಾಲು.

ಅಮೆರಿಕದಲ್ಲಿ ಈ ಕಾರು ಹೆಂಗಸರ ಕಾರಾಗಿಬಿಟ್ಟಿತು. ಪೆಟ್ರೋಲು ಕಾರಿಗೆ ಮುಂದೆ ನಿಂತು ಹಿಡಿಕೆ ತಿರುಗಿಸಿ ಚಾಲೂ ಮಾಡಬೇಕಿದ್ದ ಕಾಲ. ಹಿಡಿಕೆ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. ಕರೆಂಟಿನ ಕಾರಿಗೆ ಹೊಗೆಯಿಲ್ಲ, ವಾಸನೆಯಿಲ್ಲ, ಹಿಡಿಕೆಯಿಲ್ಲ. 'ಡೆಟ್ರಾಯಿಟ್ ಎಲೆಕ್ಟ್ರಿಕ್' ಎಂಬ ಕಾರುಗಳನ್ನು ಹೆಂಗಸರಿಗೆಂದೇ ಜಾಹೀರಾತು ಕೊಟ್ಟು ಮಾರಿದರು. ಪೆಟ್ರೋಲು ಕಾರನ್ನು ಲಕ್ಷಗಟ್ಟಲೆ ಮಾಡಿ ಮಾರಿದ ಹೆನ್ರಿ ಫೋರ್ಡನ ಹೆಂಡತಿ ಕ್ಲಾರಾ ಓಡಿಸುತ್ತಿದ್ದದ್ದು ಗಂಡನ ಕಾರನ್ನಲ್ಲ, 1914ರ ಒಂದು ಡೆಟ್ರಾಯಿಟ್ ಎಲೆಕ್ಟ್ರಿಕ್ಕನ್ನು. ಚಿತ್ರ ನೋಡಿದರೆ ಗಾಜಿನ ಬೀರುವನ್ನು ನಿಲ್ಲಿಸಿ ಗಾಲಿ ಜೋಡಿಸಿದ ಹಾಗಿದೆ. ಗಾಳಿಗೆ ಅದಕ್ಕಿಂತ ಅಡ್ಡವಾದ ಆಕಾರ ಬೇರೆ ಬೇಕೆ? ಆದರೂ ಒಮ್ಮೆ ಚಾರ್ಜು ಮಾಡಿದರೆ 80 ಮೈಲಿ ಹೋಗುತ್ತದೆಂದು ಹೇಳುತ್ತಿದ್ದರು. ಅದರ ಗುಟ್ಟು ವೇಗದಲ್ಲಿದೆ. ಅದು ಓಡುತ್ತಿದ್ದದ್ದು ಗಂಟೆಗೆ 20 ಮೈಲಿ, ಅಂದರೆ ಸುಮಾರು 32 ಕಿಲೋಮೀಟರು ವೇಗದಲ್ಲಿ. ಅಷ್ಟು ಮೆಲ್ಲಗೆ ಹೋಗುವವಳನ್ನು ಗಾಳಿ ತಡೆದು ಮಾತನಾಡಿಸುವುದಿಲ್ಲ.

ವೇಗ ಎರಡರಷ್ಟಾದರೆ ಗಾಳಿಯ ತಡೆ ನಾಲ್ಕರಷ್ಟಾಗುತ್ತದೆ. ಇದನ್ನು ನಾನು ಎಷ್ಟು ಸಾವಿರ ಮಕ್ಕಳಿಗೆ ಹೇಳಿದ್ದೇನೋ. ಟೈರು ರಸ್ತೆಗೆ ಉಜ್ಜುವ ತಡೆ ಹಾಗಲ್ಲ, ಅದು ಭಾರವನ್ನು ನೋಡುತ್ತದೆ, ವೇಗವನ್ನು ಅಷ್ಟಾಗಿ ನೋಡುವುದಿಲ್ಲ; ಒಳ್ಳೆಯ ರಸ್ತೆಯಲ್ಲಿ ಕಾರಿನ ತೂಕದ ನೂರರಲ್ಲೊಂದು ಪಾಲು ಎಂದಿಟ್ಟುಕೊಳ್ಳಬಹುದು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿಗೆ ಇದಕ್ಕಿಂತ ಎಷ್ಟೋ ಕಡಿಮೆ. ಬೆಂಗಳೂರಿನಿಂದ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಕೋಲಾರ ಎಂದು ಎರಡೂವರೆ ಅಡಿ ಹಳಿಯ ಮೇಲೆ ಓಡುತ್ತಿದ್ದ ನಮ್ಮ ಪುಟ್ಟ ರೈಲು ಅಷ್ಟು ಜನ, ಅಷ್ಟು ಮೂಟೆ ಹೊತ್ತು ಏದುಸಿರಿನಲ್ಲೇ ಆದರೂ ಹೋಗುತ್ತಿದ್ದದ್ದು ಅದರ ಬಲದಿಂದ. (2013ರಲ್ಲಿ ಚಿಕ್ಕಬಳ್ಳಾಪುರದಿಂದ ಕೋಲಾರದ ದಾರಿ ಅಗಲ ಹಳಿಯಾಗಿ ಮತ್ತೆ ತೆರೆಯಿತು. ಹಳೆಯ ರೈಲಿನ ಮಸಿ ಕಣ್ಣಿಗೆ ಬಿದ್ದವರಿಗೆ ಮಾತ್ರ ಅದರ ಸುಖ ಗೊತ್ತು.) ಸಾಧಾರಣ ಕಾರೊಂದಕ್ಕೆ 60-70 ಕಿಲೋಮೀಟರು ವೇಗದವರೆಗೆ ಭಾರವೇ ದೊಡ್ಡ ಶತ್ರು, ಅದರಾಚೆ ಗಾಳಿ.

ಇಷ್ಟೆಲ್ಲ ಗೊತ್ತಿದ್ದವಳು ನಾನು. ಇನ್ನು ಆ ದಿನದ ಕಥೆ.

ಸೊಸೆಯ ತವರು ಚಿಂತಾಮಣಿ. ಬಾಣಂತನ ಅಲ್ಲಿಯೇ ಆಯಿತು, ಹೆಣ್ಣುಮಗು. ಜ್ಯೇಷ್ಠಮಾಸದ ಒಂದು ಸಂಜೆ ನಾಮಕರಣ, ತೊಟ್ಟಿಲು ಶಾಸ್ತ್ರ. ನಮ್ಮ ತವರಿನ ತೊಟ್ಟಿಲು ಗೌರಿಬಿದನೂರಿನಲ್ಲಿ ಅಕ್ಕನ ಮನೆಯ ಅಟ್ಟದಲ್ಲಿತ್ತು. ಹಲಸಿನ ಮರದ್ದು, ನಾಲ್ಕು ಕಡೆ ಕಟಾಂಜನ, ಹಿತ್ತಾಳೆಯ ಗಿಳಿಗಳಿರುವ ಸರಪಣಿ. ಅದರಲ್ಲಿ ಅಕ್ಕನೂ ನಾನೂ ಮಲಗಿದವರು. "ನನ್ನ ಕೈಯಾರ ತೂಗಬೇಕು, ಇನ್ನೆಷ್ಟು ದಿನ ಇರ್ತೀನೋ" ಎಂದು ಎಪ್ಪತ್ತೆಂಟರ ಅಕ್ಕ ಫೋನಿನಲ್ಲಿ ಅಂದಳು. ಹಿಂದಿನ ರಾತ್ರಿ ನಮ್ಮ ಬೀದಿಯಲ್ಲಿ ಕರೆಂಟು ಹೋಗಿ ಕಾರು ಪೂರ್ತಿ ತುಂಬಿರಲಿಲ್ಲ, 16 ಯೂನಿಟ್ಟಿನಷ್ಟಿತ್ತು. ಸಾಕಲ್ಲ ಎಂದು ಹೊರಟೆ. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ, ಗೌರಿಬಿದನೂರು 700ರ ಆಸುಪಾಸು. ನಲವತ್ತು ಕಿಲೋಮೀಟರಿನ ಆ ದಾರಿಯಲ್ಲಿ ಇನ್ನೂರು ಮೀಟರು ಇಳಿಯುತ್ತೇವೆ, ಗೊತ್ತೇ ಆಗುವುದಿಲ್ಲ. ಖರ್ಚಾದದ್ದು ಬರೀ ಮೂರೂವರೆ ಯೂನಿಟ್. ಅಕ್ಕನ ಮನೆಯ ಮುಂದೆ ನಿಂತಾಗ ಕಾರಿನ ಫಲಕ "ಇನ್ನು 140 ಕಿ.ಮೀ." ಎಂದು ತೋರಿಸಿತು. ಚಿಂತಾಮಣಿಗೆ 85. ನಾನು ಅಕ್ಕನ ಮುಂದೆ ಸ್ವಲ್ಪ ಬೀಗಿದೆ.

ಅಕ್ಕನ ಮೊಮ್ಮಗ ಪಕ್ಕದ ಮನೆಯವರಿಂದ ಕಾರಿನ ತಲೆಯ ಮೇಲೆ ಕಟ್ಟುವ ಕ್ಯಾರಿಯರು ತಂದ. ಹಿಂದಿನ ಸೀಟಿನ ತುಂಬ ಎರಡು ಬಾಳೆಗೊನೆ, ಒಂದು ಮೂಟೆ ಕಡಲೆಕಾಯಿ, ಚಿಗಲಿ, ತಂಬಿಟ್ಟಿನ ಡಬ್ಬಗಳು. ಬರಿಗೈಯಲ್ಲಿ ಹೋಗುವವಳಲ್ಲ ಅಕ್ಕ. ತೊಟ್ಟಿಲು ತಲೆಯ ಮೇಲೆ ಏರಿತು. ಹದಿನೈದು ಕಿಲೋ ಇರಬಹುದು, ಏನು ಮಹಾ ಭಾರವೆಂದು ನಾನೇ ಹಗ್ಗ ಬಿಗಿದೆ. "ಚಿಕ್ಕಜ್ಜಿ, ನೀವು ಹಿಂದೆ ಕೂತ್ಕೊಳ್ಳಿ, ನಾನು ಹೊಡೀತೀನಿ, ಹೊತ್ತಾಯ್ತು" ಎಂದ ಹುಡುಗ. ಎಂಬತ್ತು, ಎಂಬತ್ತೈದರಲ್ಲಿ ಹೊಡೆದ. ಮೇಲಿನಿಂದ ಕೊಳಲಿನ ಹಾಗೆ ಒಂದು ಸದ್ದು. "ತೊಟ್ಟಿಲು ಹಾಡ್ತಾ ಐತೆ" ಎಂದಳು ಅಕ್ಕ. ನಾವೆಲ್ಲ ನಕ್ಕೆವು. ಕಟಾಂಜನದ ಸಂದುಗಳಲ್ಲಿ ಗಾಳಿ ಸಿಕ್ಕಿಕೊಂಡು ಶಿಳ್ಳೆ ಹಾಕುತ್ತಿತ್ತು, ಪ್ರತಿ ಶಿಳ್ಳೆಯ ಬಾಬತ್ತೂ ಬ್ಯಾಟರಿಯ ಲೆಕ್ಕದಿಂದ ಹೋಗುತ್ತಿತ್ತು.

ಚಿಕ್ಕಬಳ್ಳಾಪುರ ತಲುಪಿದಾಗ ಫಲಕ ನೋಡಿ ನನ್ನ ಎದೆ ಧಸಕ್ಕೆಂದಿತು. ನಲವತ್ತು ಕಿಲೋಮೀಟರಿಗೆ 8 ಯೂನಿಟ್ ಮುಗಿದಿತ್ತು, ಉಳಿದದ್ದು ನಾಲ್ಕೂವರೆ. "ಇನ್ನು 22 ಕಿ.ಮೀ." ಎನ್ನುತ್ತಿತ್ತು. ಚಿಂತಾಮಣಿ ಇನ್ನೂ 45 ಕಿಲೋಮೀಟರು. ಮನೆಗೆ ಹೋಗಿ ಚಾರ್ಜಿಗೆ ಹಾಕೋಣವೆಂದರೆ ಬೀದಿಯಲ್ಲಿ ಆಗಲೂ ಕರೆಂಟಿಲ್ಲ. ಶಾಸ್ತ್ರಕ್ಕೆ ಇನ್ನು ಒಂದೂವರೆ ಗಂಟೆ. ಮಗ ಫೋನು ಮಾಡಿ "ಎಲ್ಲಿದ್ದೀಯಮ್ಮಾ?" ಎಂದು ಕೇಳಿದ. "ಊರೊಳಗೇ ಇದ್ದೀವಿ, ಬಂದ್ವಿ" ಎಂದೆ. ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಬೇರೆ ಬಾಡಿಗೆ ಕಾರು ಕರೆಸಿಬಿಡೋಣವೆಂದ ಹುಡುಗ. ಕರೆಸಿದ್ದರೆ ಮಗನಿಗೆ ಕೊಟ್ಟ ಮಾತಿನಂತೆ ಕಾರು ಆ ತಿಂಗಳೇ ಮಾರಾಟವಾಗುತ್ತಿತ್ತು. ಕಾರು ಹೋದರೆ ಅಕ್ಕನ ಮನೆಗೆ ಹೋಗಲು, ಆಸ್ಪತ್ರೆಗೆ ಹೋಗಲು, ಮನಸ್ಸಿಗೆ ಬೇಸರವಾದರೆ ನಂದಿಯ ತಪ್ಪಲಿಗೆ ಹೋಗಿ ಬರಲು ನಾನು ಮತ್ತೆ ಯಾರನ್ನಾದರೂ ಕೇಳಬೇಕು.

ಜಗುಲಿಯ ಮೇಲೆ ಕೂತು ಸಂತೆಯ ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಮಕ್ಕಳಿಗೆ ಕೊಡುತ್ತಿದ್ದ ಲೆಕ್ಕವೇ. ಹತ್ತಿಬಂದ ಇನ್ನೂರು ಮೀಟರಿಗೆ ಒಂದು ಯೂನಿಟ್ಟಿನಷ್ಟು ಹೋಗಿದೆ, ಅದು ಭಾರದ ಬಾಬತ್ತು. ಟೈರಿನದು ಎರಡಕ್ಕೂ ಸ್ವಲ್ಪ ಕಡಿಮೆ. ಒಂದಿಷ್ಟು ಮೋಟಾರಿನಲ್ಲಿ ಸೋರಿದ್ದು, ಒಂದಿಷ್ಟು ತಂಪು ಗಾಳಿಯ ಯಂತ್ರಕ್ಕೆ. ಉಳಿದದ್ದೆಲ್ಲ, ಅಂದರೆ ಸರಿಸುಮಾರು ಅರ್ಧ, ಗಾಳಿ ತಿಂದದ್ದು. ಹತ್ತಿದ್ದಕ್ಕೆ ಕೊಟ್ಟದ್ದರಲ್ಲಿ ಇಳಿಯುವಾಗ ಬಹುಪಾಲು ಹಿಂದಿರುಗುತ್ತದೆ. ಬ್ರೇಕು ಒತ್ತಿದರೆ ಮೋಟಾರೇ ಡೈನಮೋ ಆಗಿ ಬ್ಯಾಟರಿಗೆ ಅಷ್ಟಿಷ್ಟು ತುಂಬುತ್ತದೆ, ರೇವಾದಲ್ಲೂ ಈ ಏರ್ಪಾಡಿತ್ತು. ಗಾಳಿಗೆ ಕೊಟ್ಟದ್ದು ಹೋದ ಹಾಗೇ. ಎಂಬತ್ತೈದರ ಬದಲು ನಲವತ್ತೈದರಲ್ಲಿ ಹೋದರೆ ಗಾಳಿಯ ಬಾಬತ್ತು ಕಾಲು ಭಾಗಕ್ಕಿಳಿಯುತ್ತದೆ. ತೊಟ್ಟಿಲು ಒಳಗೆ ಬಂದರೆ ಇನ್ನೂ ಕಡಿಮೆ. 45 ಕಿಲೋಮೀಟರಿಗೆ ಮೂರೂವರೆ ಯೂನಿಟ್ ಸಾಕು. ಒಂದು ಗಂಟೆ ಬೇಕು. ಒಂದೂವರೆ ಇದೆ.

"ಬಾಳೆಗೊನೆ ಇಳಿಸು" ಎಂದೆ. ಅಕ್ಕನ ಮುಖ ಸಪ್ಪಗಾಯಿತು. "ಬೀಗರ ಮನೆಗೆ ಗೊನೆಯಿಲ್ದೆ ಹೋಗೋದಾ?" ಕಡಲೆಕಾಯಿ ಮೂಟೆಯನ್ನೂ ಇಳಿಸಿದೆವು. ಕ್ಯಾರಿಯರು ಬಿಚ್ಚಿ, ಸೀಟು ಮಡಚಿ, ತೊಟ್ಟಿಲನ್ನು ಒಳಗೆ ತುರುಕಿದೆವು. ಸರಪಣಿ, ಗಿಳಿಗಳು ಅಕ್ಕನ ಮಡಿಲಿಗೆ. ಹುಡುಗ ಮೂಲೆಯಲ್ಲಿ ತೊಟ್ಟಿಲ ಪಕ್ಕ ಮುದುರಿಕೊಂಡ. ಗಾಜು ಏರಿಸಿ, ತಂಪು ಯಂತ್ರ ಆರಿಸಿ, ಚಕ್ರದ ಮುಂದೆ ನಾನು ಕೂತೆ.

ಶಿಡ್ಲಘಟ್ಟದ ದಾರಿಯಲ್ಲಿ ಟೊಮೆಟೊ ಬಾಕ್ಸಿನ ಟೆಂಪೋಗಳು, ದ್ವಿಚಕ್ರದವರು, ಕೊನೆಗೆ ಗೂಡಿನ ಮಂಕರಿ ಹೊತ್ತ ಒಂದು ಆಟೋ ಕೂಡ ನಮ್ಮನ್ನು ಹಿಂದೆ ಹಾಕಿ ಹೋದವು. ಹುಡುಗನಿಗೆ ಅವಮಾನ. ಬೆವರು ಒರೆಸಿಕೊಳ್ಳುತ್ತ "ಸ್ವಲ್ಪ ಒತ್ತಿ ಚಿಕ್ಕಜ್ಜಿ" ಎನ್ನುತ್ತಿದ್ದ. ನಾನು ಒತ್ತಲಿಲ್ಲ. ನೆಲದ ಮೇಲೆ ನಮ್ಮ ದಾರಿ ಮೂಡಲಿಗೆ, ಮುಂಗಾರಿನ ಗಾಳಿ ಪಡುವಣದ್ದು. ಬೆನ್ನಿಗೆ ನಿಂತು ಅದೂ ಕೈ ಕೊಟ್ಟಿತು. ದಾರಿ ಒಂದಿಷ್ಟು ಇಳಿಜಾರೂ ಹೌದು. ಇವೆರಡೂ ನನ್ನ ಲೆಕ್ಕದಲ್ಲಿ ಇರಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಶಿಡ್ಲಘಟ್ಟ ದಾಟುವಾಗ ಫಲಕ 22ರ ಬದಲು 33 ತೋರಿಸಿತು. ಓಡಿದಷ್ಟೂ ಉಳಿದ ದಾರಿ ಬೆಳೆಯುವುದನ್ನು ಕಂಡು ಅಕ್ಕ, "ಇದ್ಯಾವ ಅಕ್ಷಯಪಾತ್ರೆಯೇ?" ಎಂದಳು. ಗಾಳಿಗೆ ಕೊಡುವುದನ್ನು ನಿಲ್ಲಿಸಿದ್ದೇವೆ ಎಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಚಂದ್ರಿಕೆ ಅಂಚು ಮುಂದಕ್ಕೆ ಮಾಡ್ಕೊಂಡೆ ಅನ್ನು" ಎಂದಳು. ನನಗೆ ಮಾತು ಹೊರಡಲಿಲ್ಲ. ಐವತ್ತೇಳು ವರ್ಷದ ಹಿಂದಿನ ಮಾತು ಅವಳಿಗೂ ನೆನಪಿತ್ತು.

ಚಿಂತಾಮಣಿ ಮುಟ್ಟಿದಾಗ ಫಲಕದಲ್ಲಿ ನೂರಕ್ಕೆ 5 ಉಳಿದಿತ್ತು. ಬೀಗಿತ್ತಿ ಆರತಿ ತಟ್ಟೆ ಹಿಡಿದು ಬಂದರು. ಅಕ್ಕ ಗೊನೆಯಿಲ್ಲದ ಸಂಕೋಚವನ್ನು ತಾನೇ ಹೇಳಿಕೊಂಡಳು. ಅವರು ತೊಟ್ಟಿಲಿನ ಹಿತ್ತಾಳೆ ಗಿಳಿಗಳನ್ನು ಕೈಯಲ್ಲಿ ಹಿಡಿದು, "ಇದಕ್ಕಿಂತ ಇನ್ನೇನು ಬೇಕು ಬನ್ನಿ" ಎಂದರು. ತೊಲೆಗೆ ಸರಪಣಿ ಏರಿತು, ಮಗು ಮಲಗಿತು, ಅಕ್ಕ ತೂಗಿದಳು. ಮಗ ಅಂಗಳಕ್ಕೆ ಹೋಗಿ ಕಾರಿನ ಫಲಕವನ್ನು ಇಣುಕಿ ಬಂದು ನನ್ನ ಮುಖ ನೋಡಿದ. ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ರಾತ್ರಿ ಬೀಗರ ಜಗುಲಿಯ ಪ್ಲಗ್ಗಿಗೆ ಕಾರನ್ನು ಅವನೇ ಹಾಕಿದ.

ಕ್ಯಾರಿಯರನ್ನು ಪಕ್ಕದ ಮನೆಯವರು ತಮಗೆ ಬೇಡವೆಂದರಂತೆ. ಅದು ಈಗ ನಮ್ಮ ತಾರಸಿಯ ಮೇಲಿದೆ, ಸಂಡಿಗೆ ಒಣಗಿಸುವ ಮೊರ ಇಡಲು.